ಮಗುವಿನ ಕೋಣೆಯ ಗಾಳಿ ಸರಿ ಇಲ್ವಾ? ಪ್ಯೂರಿಫೈಯರ್ ಕೊಳ್ಳುವ ಮೊದಲು ದೋಷ ಎಲ್ಲಿದೆ ಅಂತ ಹುಡುಕಿ

ಲಕ್ಷಣಗಳು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಬೆಳಗ್ಗೆ ಮಗು ಎದ್ದ ಕೂಡಲೇ ಸಾಲು ಸೀನು. ಮೂಗು ಕಟ್ಟಿರುತ್ತದೆ, ಬಾಯಿ ತೆರೆದು ಮಲಗಿರುತ್ತದೆ. ರಾತ್ರಿ ಎರಡು ಮೂರು ಗಂಟೆಗೆ ಒಣಕೆಮ್ಮು. ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ. ರಜೆಗೆ ಅಜ್ಜಿ ಮನೆಗೆ ಹೋದರೆ ಒಂದು ಕೆಮ್ಮೂ ಇಲ್ಲ. "ಬೆಂಗಳೂರು ಹವಾನೇ ಹಂಗೆ ಬಿಡಿ" ಅಂತ ಪಕ್ಕದ ಮನೆಯವರು ಸಮಾಧಾನ ಹೇಳುತ್ತಾರೆ. ಆಮೇಲೆ ಯಾರೋ ಹೇಳಿದರು ಅಂತ ಕಂತಿನ ಮೇಲೆ ಒಂದು ಏರ್ ಪ್ಯೂರಿಫೈಯರ್ ಮನೆಗೆ ಬರುತ್ತದೆ.

ಪ್ಯೂರಿಫೈಯರ್ ಕೆಟ್ಟದ್ದಲ್ಲ. ಆದರೆ ಅದು ಮಾಡುವುದು ಮುಖ್ಯವಾಗಿ ಒಂದೇ ಕೆಲಸ, ಗಾಳಿಯಲ್ಲಿ ತೇಲುವ ಕಣಗಳನ್ನು ಹಿಡಿಯುವುದು. ಗೋಡೆಯ ತೇವ ಅದಕ್ಕೆ ಗೊತ್ತಿಲ್ಲ. ಮುಚ್ಚಿದ ಕೋಣೆಯಲ್ಲಿ ಏರುವ ಕಾರ್ಬನ್ ಡೈಆಕ್ಸೈಡ್ ಒಂದು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಕೂಡ ಇಳಿಯುವುದಿಲ್ಲ. ದಿಂಬಿನೊಳಗಿನ ನುಸಿ ಆರಾಮಾಗಿ ಅಲ್ಲೇ ಇರುತ್ತದೆ. ಹಾಗಾಗಿ ಮೊದಲು ದೋಷ ಯಾವುದು ಅಂತ ಪತ್ತೆ ಮಾಡಿ, ಆಮೇಲೆ ದುಡ್ಡು ಖರ್ಚು ಮಾಡಿ.

ಮೊದಲು ಎರಡು ತುರ್ತು ವಿಷಯ

ಒಂದು, ಗ್ಯಾಸ್ ಗೀಸರ್. ಮಗುವಿನ ಕೋಣೆಗೆ ಅಂಟಿದ ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಇದ್ದರೆ ಈ ಬರಹ ಪಕ್ಕಕ್ಕಿಟ್ಟು ಮೊದಲು ಅದನ್ನು ಹೊರಗೆ ಹಾಕಿಸಿ. ಯುಟಿಲಿಟಿಗೋ ಬಾಲ್ಕನಿಗೋ, ಗಾಳಿ ಆಡುವ ಜಾಗಕ್ಕೆ. ಆಮ್ಲಜನಕ ಸಾಲದೆ ಉರಿದಾಗ ಅದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ತಲೆಸುತ್ತು ಅಂತ ಶುರುವಾಗಿ ಪ್ರಜ್ಞೆ ತಪ್ಪುತ್ತದೆ. ಸ್ನಾನಕ್ಕೆ ಹೋದವರು ವಾಪಸ್ ಬರಲಿಲ್ಲ ಅನ್ನುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಚಳಿಗಾಲದಲ್ಲಿ ಆಗಾಗ ಬರುತ್ತದಲ್ವಾ, ಎಷ್ಟೋ ಸಲ ಕಾರಣ ಇದೇ. ಚಳಿಗೆ ಅಂತ ಕೋಣೆಯೊಳಗೆ ಇದ್ದಿಲ ಕೆಂಡ ಇಡುವುದೂ ಇದೇ ಜಾತಿ.

ಎರಡು, ಮಗು ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ, ಅದು ಕೋಣೆಯ ಸಮಸ್ಯೆ ಅಲ್ಲ. ಆಸ್ಪತ್ರೆಗೆ ಓಡಿ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಯಾವಾಗ?

"ಏನು ವಾಸನೆ", "ಎಷ್ಟು ಧೂಳು" ಅಂತೆಲ್ಲ ಆಮೇಲೆ ಕೇಳಿ. ಮೊದಲು ಕೇಳಬೇಕಾದದ್ದು ಯಾವಾಗ ಅನ್ನುವುದು. ಮಲಗಿದ ಅರ್ಧ ಗಂಟೆಯೊಳಗೇ ಕೆಮ್ಮು ಶುರುವಾಗುತ್ತದಾ, ಬೆಳಗಿನ ಜಾವವಾ? ಮಳೆಗಾಲದಲ್ಲಿ ಮಾತ್ರವಾ, ವರ್ಷಪೂರ್ತಿಯಾ? ಹಾಲ್‌ನಲ್ಲಿ ಮಲಗಿಸಿದರೂ ಬರುತ್ತದಾ? ಕಿಟಕಿ ತೆರೆದರೆ ಕಡಿಮೆಯೋ ಜಾಸ್ತಿಯೋ? ಒಂದು ಹಳೆಯ ನೋಟ್‌ಬುಕ್‌ನಲ್ಲಿ ಕೆಲವು ದಿನ ಸುಮ್ನೆ ಬರೆದಿಡಿ. ಕೆಮ್ಮಿನ ಹೊತ್ತು, ಅವತ್ತು ಮನೆಯಲ್ಲಿ ಏನು ಹೊತ್ತಿಸಿದಿರಿ, ಕಿಟಕಿ ಹೇಗಿತ್ತು, ಏಸಿ ಹಾಕಿದ್ದಿರಾ, ಅಷ್ಟು ಸಾಕು. ನಡುವೆ ಒಂದೆರಡು ರಾತ್ರಿ ಮಗುವನ್ನು ಅದರದೇ ದಿಂಬು, ಹೊದಿಕೆ ಸಮೇತ ಬೇರೆ ಕೋಣೆಯಲ್ಲಿ ಮಲಗಿಸಿ. ಕೆಮ್ಮು ಜೊತೆಗೇ ಬಂದರೆ ಅನುಮಾನ ಹಾಸಿಗೆ ಸಾಮಾನಿನ ಮೇಲೆ. ಬರದಿದ್ದರೆ ಕೋಣೆಯ ಮೇಲೆ. ಬಿಡಿಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾಕೋ ಯಾರೂ ಮಾಡುವುದೇ ಇಲ್ಲ.

ಮಲಗುವ ಹೊತ್ತಿಗೇ ಶುರುವಾದರೆ

ಸಂಜೆ ಮನೆಯಲ್ಲಿ ಏನೇನು ಉರಿಯುತ್ತದೆ ನೋಡಿ. ದೇವರ ಮುಂದೆ ಊದುಬತ್ತಿ, ಧೂಪ. ಅಡುಗೆಮನೆಯಲ್ಲಿ ಒಗ್ಗರಣೆ. ಆಮೇಲೆ ಸೊಳ್ಳೆ ಕಾಯಿಲ್. ಈ ಮೂರರಲ್ಲಿ ದೊಡ್ಡ ಕಳ್ಳ ಕಾಯಿಲ್. ಒಂದು ಕಾಯಿಲ್ ಪೂರ್ತಿ ಉರಿದರೆ ಹೊರಬರುವ ಪಿಎಂ 2.5 ಕಣಗಳು (ಶ್ವಾಸಕೋಶದ ಆಳಕ್ಕಿಳಿಯುವ ಅತಿಸಣ್ಣ ಕಣಗಳು) 75ರಿಂದ 137 ಸಿಗರೇಟು ಸುಟ್ಟಷ್ಟು ಅಂತ 2003ರಲ್ಲೇ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಮುಟ್ಟುವುದಿಲ್ಲ ಅಂತ ಹೆಮ್ಮೆ ಪಡುವವರೂ ಮಂಚದ ಕೆಳಗೆ ಇದನ್ನು ಹಚ್ಚಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ!

ಹಾಗಂತ ಸೊಳ್ಳೆ ಬಿಡಲು ಆಗುವುದಿಲ್ಲ, ಡೆಂಗಿ ತಮಾಷೆಯ ವಿಷಯವಲ್ಲ. ಆದರೆ ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲು ಹೊತ್ತಿನಲ್ಲಿ. ರಾತ್ರಿಯಿಡೀ ಕಾಯಿಲ್ ಹಚ್ಚಿ ಅದರಿಂದ ತಪ್ಪಿಸಿಕೊಳ್ಳುತ್ತೇವೆ ಅನ್ನುವುದರಲ್ಲಿ ಅಷ್ಟೇನೂ ಹುರುಳಿಲ್ಲ. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ. ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ. ಪ್ಲಗ್ಗಿಗೆ ಹಾಕುವ ದ್ರವದಿಂದ ಹೊಗೆ ಬರುವುದಿಲ್ಲ ನಿಜ, ಆದರೂ ಅದು ಕೀಟನಾಶಕವೇ. ಬೇಕೇ ಬೇಕು ಅಂದರೆ ಮಲಗುವ ಒಂದು ಗಂಟೆ ಮೊದಲು ಖಾಲಿ ಕೋಣೆಯಲ್ಲಿ ಹಾಕಿ, ಆರಿಸಿ, ಫ್ಯಾನ್ ತಿರುಗಿಸಿ ಗಾಳಿಯಾಡಿಸಿ ಆಮೇಲೆ ಮಗುವನ್ನು ಕರೆಯಿರಿ. "ಹರ್ಬಲ್" ಅಂತ ಸಂತೆಯಲ್ಲಿ ಸಿಗುವ ಸೊಳ್ಳೆ ಅಗರಬತ್ತಿಯ ಪೊಟ್ಟಣದ ಮೇಲೆ ಕೀಟನಾಶಕ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮನೆಗೆ ತರಲೇಬೇಡಿ. ಒಳಗೆ ಏನು ಹಾಕಿದ್ದಾರೆ ಅನ್ನುವುದು ಮಾಡಿದವನಿಗೇ ಗೊತ್ತು.

ಸಾಂಬ್ರಾಣಿ ವಿಷಯ ಸ್ವಲ್ಪ ಸೂಕ್ಷ್ಮ. ಎಳೆ ಕೂಸಿಗೆ ತಲೆಗೆ ನೀರು ಹಾಕಿದ ಮೇಲೆ ಹೊಗೆ ಹಿಡಿಯುವುದು ಅಜ್ಜಿಯಂದಿರ ಕಾಲದ ಪದ್ಧತಿ. ಜಗಳ ಆಡಬೇಡಿ. ಕೂಸಿನ ತಲೆ ಬಟ್ಟೆಯಲ್ಲಿ ಒರೆಸಿದರೂ ಒಣಗುತ್ತದೆ, ಧೂಪ ದೇವರಮನೆಯಲ್ಲೇ ಇರಲಿ, ಕಿಟಕಿ ತೆರೆದಿರಲಿ ಅಂತ ಹೇಳಿನೋಡಿ. ಒಗ್ಗರಣೆಗೆ ಮುಂಚೆ ಮಗುವಿನ ಕೋಣೆಯ ಬಾಗಿಲು ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಹಾಕಿ. ಪೈಪ್ ಇಲ್ಲದ, ಗಾಳಿಯನ್ನು ಸೋಸಿ ಅಲ್ಲೇ ವಾಪಸ್ ಬಿಡುವ ಚಿಮಣಿ ಇದ್ದರೆ ಅದನ್ನು ಜಾಸ್ತಿ ನಂಬಬೇಡಿ.

ಬೆಳಗ್ಗೆ ತಲೆ ಭಾರ, ಕೋಣೆಗೆ ಹೊಕ್ಕರೆ ಮಂಕು ವಾಸನೆ

ಇದು ಗಾಳಿ ಆಡದ ಕೋಣೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಅಪ್ಪ ಅಮ್ಮ ಮಗು ಮೂವರೂ ಅಲ್ಲೇ, ಬಾಗಿಲು ಕಿಟಕಿ ಬಂದ್, ಏಸಿ ಆನ್. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ ಇರುತ್ತದೆ. ಇಂಥ ಕೋಣೆಯಲ್ಲಿ ಬೆಳಗಿನ ಹೊತ್ತಿಗೆ 2000 ದಾಟುವುದು ಮಾಮೂಲು. ಆ ಮಟ್ಟದಲ್ಲಿ ಅದೇನೂ ವಿಷವಲ್ಲ, ಹೆದರಬೇಡಿ. ಆದರೆ ಅದು ಒಂದು ಸುಳಿವು. ಅಷ್ಟು ಏರಿದೆ ಅಂದರೆ ಉಸಿರಿನ ತೇವ, ವಾಸನೆ, ಒಬ್ಬರ ಶೀತದ ವೈರಾಣು ಎಲ್ಲವೂ ಆ ಕೋಣೆಯಲ್ಲೇ ಸುತ್ತುತ್ತಿವೆ ಅಂತ ಅರ್ಥ.

ಇಲ್ಲಿ ಬಹಳ ಜನ ಎಡವುವುದು ಏಸಿ ವಿಷಯದಲ್ಲಿ. ಸ್ಪ್ಲಿಟ್ ಏಸಿ ಹೊರಗಿನಿಂದ ಗಾಳಿ ತರುತ್ತದೆ ಅಂದುಕೊಂಡಿರುತ್ತಾರೆ. ತರುವುದಿಲ್ಲ. ಹೊರಗಿನ ಯೂನಿಟ್‌ಗೂ ಒಳಗಿನದಕ್ಕೂ ನಡುವೆ ಓಡಾಡುವುದು ಗ್ಯಾಸ್ ಮಾತ್ರ, ಗಾಳಿಯಲ್ಲ. ಕೋಣೆಯ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿ ಬಿಡುತ್ತದೆ ಅಷ್ಟೇ.

ಪರಿಹಾರಕ್ಕೆ ಹೊಸ ಮೆಷಿನ್ ಏನೂ ಬೇಡ. ಕೋಣೆಯ ಬಾಗಿಲು ಅರ್ಧ ತೆರೆದಿಡಿ. ಎದುರು ಬದುರಿನ ಎರಡು ಕಿಟಕಿಗಳನ್ನು ನಾಲ್ಕು ಬೆರಳು ಸರಿಸಿ. ಬಾಗಿಲು ಮುಚ್ಚಲೇಬೇಕು ಅಂದರೆ ಅಟ್ಯಾಚ್ಡ್ ಬಾತ್‌ರೂಮಿನ ಬಾಗಿಲು ತೆರೆದು ಅಲ್ಲಿನ ಎಕ್ಸಾಸ್ಟ್ ಹಾಕಿಡಿ, ಕೋಣೆಯ ಬಾಗಿಲ ಕೆಳಗಿನ ಸಂದಿಯಿಂದ ಹಾಲ್‌ನ ಗಾಳಿ ಒಳಗೆ ಬರುತ್ತದೆ. ಆ ಎಕ್ಸಾಸ್ಟ್ ನಿಜಕ್ಕೂ ಎಳೆಯುತ್ತಿದೆಯಾ ನೋಡಿ. ಒಂದು ಟಿಶ್ಯೂ ಪೇಪರ್ ಹಿಡಿದರೆ ಗ್ರಿಲ್ಲಿಗೆ ಅಂಟಿಕೊಂಡು ನಿಲ್ಲಬೇಕು. ಬಿದ್ದರೆ ರೆಕ್ಕೆಯಲ್ಲಿ ಧೂಳು ಗಟ್ಟಿಯಾಗಿದೆ, ಇಲ್ಲ ಹೊರಗಿನ ಮುಚ್ಚಳ ತೆರೆಯುತ್ತಿಲ್ಲ, ಇಲ್ಲ ಫ್ಯಾನನ್ನೇ ತಿರುಗಾಮುರುಗಾ ಕೂರಿಸಿದ್ದಾರೆ. ಕೊನೆಯದು ನಗುವ ವಿಷಯವಲ್ಲ, ಹೊಸ ಫ್ಲ್ಯಾಟ್‌ಗಳಲ್ಲೂ ಸಿಗುತ್ತದೆ.

ಕಿಟಕಿ ಜಾಲರಿಯನ್ನು ಬೆರಳಲ್ಲಿ ಒಮ್ಮೆ ಸವರಿ. ರಸ್ತೆ ಬದಿಯ ಮನೆಯಾದರೆ ಬೆರಳು ಕರ್ರಗಾಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಎಳೆಗಳ ನಡುವಿನ ಕಣ್ಣುಗಳು ಧೂಳು ಮತ್ತು ಜಿಡ್ಡಿನಿಂದ ಮುಚ್ಚಿ, ಜಾಲರಿ ಹೋಗಿ ಹಳೆ ಬಟ್ಟೆ ಕಟ್ಟಿದ ಹಾಗೆ ಆಗಿರುತ್ತದೆ. ಕಿಟಕಿ ತೆರೆದಿದ್ದೇವೆ, ಆದರೂ ಗಾಳಿ ಬರಲ್ಲ ಅನ್ನುವವರು ಮೊದಲು ಇದನ್ನು ಬಿಚ್ಚಿ ಸೋಪಿನ ನೀರಲ್ಲಿ ತೊಳೆಯಿರಿ.

ಮಳೆಗಾಲದಲ್ಲೇ ಜಾಸ್ತಿಯಾದರೆ

ಬೂಷ್ಟು. ಕಣ್ಣಿಗೆ ಕಾಣುವ ಜಾಗದಲ್ಲಿ ಅಲ್ಲ, ಕಾಣದ ಜಾಗದಲ್ಲಿ ಹುಡುಕಿ. ಬೀರುವಿನ ಬೆನ್ನು, ಮಂಚದ ತಲೆಹಲಗೆಯ ಹಿಂದೆ, ಅಟ್ಟದ ಮೇಲಿನ ಸೂಟ್‌ಕೇಸು, ಬಾತ್‌ರೂಮಿನ ಗೋಡೆ ಕೋಣೆಗೆ ತಾಗುವ ಕಡೆ ನೆಲದಿಂದ ಒಂದೆರಡು ಅಡಿ ಎತ್ತರ. ಅಲ್ಲಿ ಪೇಂಟ್ ಗುಳ್ಳೆ ಎದ್ದಿರುತ್ತದೆ. ಉಗುರಿನಿಂದ ಒತ್ತಿದರೆ ಪುಟ್ಟಿ ಹಿಟ್ಟಿನಂತೆ ಉದುರುತ್ತದೆ, ಕೆಲವು ಕಡೆ ಬಿಳಿ ಉಪ್ಪು ಬಿಟ್ಟಿರುತ್ತದೆ.

ಈಗ ತೇವ ಎಲ್ಲಿಂದ ಅನ್ನುವುದು ಪ್ರಶ್ನೆ. ಗೋಡೆಯೊಳಗಿನಿಂದಲೋ, ಕೋಣೆಯ ಗಾಳಿಯಿಂದಲೋ? ಗೋಡೆಯನ್ನು ಒರೆಸಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿ, ಅಂದರೆ ಗೋಡೆಗೆ ತಾಗಿದ ಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಜಿನುಗುತ್ತಿದೆ. ಹೊರಬದಿ ಒದ್ದೆಯಾಗಿದ್ದರೆ ಕೋಣೆಯ ತೇವದ ಗಾಳಿ ತಣ್ಣನೆ ಗೋಡೆಗೆ ಬಡಿದು ನೀರಾಗುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಜಿನುಗುತ್ತಿದ್ದರೆ ಬಾತ್‌ರೂಮಿನ ಟೈಲ್ಸ್ ಸಂದಿ, ಟೆರೇಸಿನ ಬಿರುಕು, ಹೊರಗೋಡೆಯ ಮಳೆನೀರಿನ ಪೈಪು, ಈ ಮೂರನ್ನು ನೋಡಿಸಿ. ಪೇಂಟರ್ ಬಂದು "ಡ್ಯಾಂಪ್ ಪ್ರೂಫ್ ಎರಡು ಕೋಟ್ ಹೊಡೀತೀನಿ ಸಾರ್, ಐದು ವರ್ಷ ಚಿಂತೆ ಇಲ್ಲ" ಅನ್ನುತ್ತಾನೆ. ನೀರಿನ ಮೂಲ ಮುಚ್ಚದೆ ಒಳಗಿನಿಂದ ಎಷ್ಟು ಕೋಟ್ ಹೊಡೆದರೂ ಮುಂದಿನ ಮುಂಗಾರಿಗೆ ಗುಳ್ಳೆ ಮತ್ತೆ ಹಾಜರ್. ಗಾಳಿಯ ತೇವವಾದರೆ ಬೀರುವನ್ನು ಗೋಡೆಯಿಂದ ಮೂರು ನಾಲ್ಕು ಇಂಚು ಮುಂದೆ ಎಳೆಯಿರಿ, ಒದ್ದೆ ಬಟ್ಟೆಯನ್ನು ಮಗುವಿನ ಕೋಣೆಯಲ್ಲಿ ಒಣಹಾಕುವುದನ್ನು ಬಿಡಿ. ಒಂದು ಸಲದ ಒಗೆದ ಬಟ್ಟೆಯಿಂದ ಲೀಟರುಗಟ್ಟಲೆ ನೀರು ಆ ಕೋಣೆಯ ಗಾಳಿಗೇ ಸೇರುತ್ತದೆ.

ಒಂದು ತಕರಾರಿದೆ ಇಲ್ಲಿ. ಬೆಂಗಳೂರು, ಮೈಸೂರು, ಧಾರವಾಡದವರಿಗೆ "ಕಿಟಕಿ ತೆರೆಯಿರಿ" ಅನ್ನುವುದು ವರ್ಷದ ಬಹುಪಾಲು ಸರಿ. ಮಂಗಳೂರು, ಉಡುಪಿ, ಕಾರವಾರದಲ್ಲಿ, ಆಗುಂಬೆ ಕಡೆಯ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ ನೀರು. ಅಲ್ಲಿ ಹಗಲಿಡೀ ಕಿಟಕಿ ತೆರೆದರೆ ತೇವವನ್ನು ನೀವೇ ಕರೆದು ಕೂರಿಸಿದಂತೆ. ಅಂಥ ಕಡೆ ದಿನಕ್ಕೆ ಒಂದೆರಡು ಸಲ ಸ್ವಲ್ಪ ಹೊತ್ತು ಗಾಳಿಯಾಡಿಸಿ, ಉಳಿದಂತೆ ಏಸಿಯ ಡ್ರೈ ಮೋಡ್ ಅಥವಾ ಡಿಹ್ಯೂಮಿಡಿಫೈಯರ್. ಕೆಲವು ನೂರು ರೂಪಾಯಿಗೆ ತೇವಮಾಪಕ ಸಿಗುತ್ತದೆ. ಒಳಗೆ ಶೇಕಡ 60ರೊಳಗೆ ಇಳಿದರೆ ಬೂಷ್ಟಿನ ಆಟ ನಡೆಯುವುದಿಲ್ಲ, 50ರ ಹತ್ತಿರ ಬಂದರೆ ನುಸಿಗೂ ಕಷ್ಟ.

ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಬೇಡಿ, ಬೀಜಕಣಗಳು ಕೋಣೆಯೆಲ್ಲ ಹಾರುತ್ತವೆ. ಮಗುವನ್ನು ಹೊರಗೆ ಕಳಿಸಿ, ಮಾಸ್ಕ್ ಹಾಕಿಕೊಂಡು, ಡಿಟರ್ಜೆಂಟ್ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಬ್ಲೀಚಿಂಗ್ ದ್ರಾವಣ ಬಳಸಿದರೆ ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಹಾಸಿಗೆಗೆ ಬಿದ್ದ ಕೂಡಲೇ, ವರ್ಷಪೂರ್ತಿ

ಹಾಸಿಗೆ ಕೊಡವಿದಾಗ ಸೀನು, ದಿಂಬಿಗೆ ತಲೆ ಇಟ್ಟ ಕೂಡಲೇ ಮೂಗು ತುರಿಕೆ. ಇದು ಧೂಳಿನ ನುಸಿ. ಕಣ್ಣಿಗೆ ಕಾಣುವುದಿಲ್ಲ, ಕಚ್ಚುವುದೂ ಇಲ್ಲ. ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತದೆ, ತೊಂದರೆ ಕೊಡುವುದು ಅದರ ಹಿಕ್ಕೆ. ಬಿಸಿಲಿಗೆ ಹಾಕುವುದು ಒಳ್ಳೆಯದೇ, ತೇವ ಹೋಗುತ್ತದೆ. ಆದರೆ ನುಸಿ ಸತ್ತರೂ ಹಿಕ್ಕೆ ಒಳಗೇ ಉಳಿಯುತ್ತದೆ, ಅದು ಹೋಗುವುದು ಒಗೆದರೆ ಮಾತ್ರ. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ. ಒಗೆಯಲು ಆಗದ ಕರಡಿ ಗೊಂಬೆಯನ್ನು ಕವರಿನಲ್ಲಿ ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಹೊರಗೆ ಚೆನ್ನಾಗಿ ಕೊಡವಿ. ಮಗು ಒಪ್ಪಬೇಕು, ಅದು ಬೇರೆ ಮಾತು. ಹತ್ತಿಪ್ಪತ್ತು ವರ್ಷದ ಹತ್ತಿ ಹಾಸಿಗೆ ತಾತನದ್ದು ಅಂತ ಇಟ್ಟುಕೊಂಡಿದ್ದರೆ ಅದು ಮಗುವಿನ ಮಂಚಕ್ಕೆ ಬೇಡ. ಹೊಸದಕ್ಕೂ ಜಿಪ್ ಇರುವ, ನೇಯ್ಗೆ ಬಿಗಿಯಾದ ಕವರ್ ಹಾಕಿ.

ಇನ್ನು ಗುಡಿಸುವ ವಿಷಯ. ಒಣ ಪೊರಕೆ ಧೂಳನ್ನು ನೆಲದಿಂದ ಎಬ್ಬಿಸಿ ಮೂಗಿನ ಮಟ್ಟಕ್ಕೆ ತರುತ್ತದೆ. ಮಗು ಸ್ಕೂಲಿಗೆ ಹೋದ ಮೇಲೆ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಫ್ಯಾನಿನ ರೆಕ್ಕೆಯ ಮುಂಚೂಣಿ ಅಂಚು, ಏಸಿಯ ಒಳ ಜಾಲರಿ ಎರಡನ್ನೂ ಮರೆಯಬೇಡಿ.

ಹೊಸ ಕೋಣೆ, ಹೊಸ ಬೀರು, ಕಣ್ಣುರಿ

ಮಗುವಿಗೆ ಅಂತ ಕಾರ್ಟೂನ್ ಬಣ್ಣದ ಬೀರು, ಸ್ಟಡಿ ಟೇಬಲ್ ಎಲ್ಲ ಮಾಡಿಸಿದ ಮೇಲೆ ಕಣ್ಣು, ಗಂಟಲು ಉರಿ ಶುರುವಾದರೆ ಕಾರಣ ಪ್ಲೈವುಡ್, ಎಂಡಿಎಫ್ ಹಲಗೆಯ ಅಂಟು. ಅದರಿಂದ ಫಾರ್ಮಾಲ್ಡಿಹೈಡ್ ಅನ್ನುವ, ಕಣ್ಣು ಮೂಗು ಉರಿಸುವ ಅನಿಲ ತಿಂಗಳುಗಟ್ಟಲೆ ಬಿಡುಗಡೆಯಾಗುತ್ತದೆ, ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಜಾಸ್ತಿ. ಬೀರು ಬಾಗಿಲು ತೆರೆದು ಮೂಗು ಒಳಗಿಟ್ಟು ನೋಡಿ, ಗೊತ್ತಾಗುತ್ತದೆ. ಹಗಲು ಕಿಟಕಿ ತೆರೆದು, ಬೀರು ಡ್ರಾಯರ್ ಎಲ್ಲ ಬಾಯಿ ತೆರೆದಿಡಿ. ಲ್ಯಾಮಿನೇಟ್ ಹಚ್ಚದ ಅಂಚು, ಹಿಂಬದಿ, ಡ್ರಿಲ್ ಮಾಡಿದ ತೂತು ಇವನ್ನು ಮುಚ್ಚಿಸಿ. ಇನ್ನೂ ಮಾಡಿಸಬೇಕಿದ್ದರೆ ಇದನ್ನು ಕಡಿಮೆ ಬಿಡುವ ಇ-0 ಅಥವಾ ಇ-1 ದರ್ಜೆಯ ಹಲಗೆಯೇ ಬೇಕು ಅಂತ ಹಟ ಹಿಡಿಯಿರಿ, ಕೋಣೆ ಬಳಸುವ ಮೊದಲು ಆದಷ್ಟು ದಿನ ಗಾಳಿಯಾಡಲು ಬಿಡಿ.

ಗಿಡ ಇಟ್ಟರೆ ಸರಿಹೋಗುತ್ತಾ ಅಂತ ಕೇಳುತ್ತಾರೆ. ಇಲ್ಲ. ಗಿಡ ಕೋಣೆಯ ಗಾಳಿ ಶುದ್ಧ ಮಾಡುತ್ತದೆ ಅನ್ನುವವರು ತೋರಿಸುವ ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿಯಿಂದ ಆಡುವ ಗಾಳಿಗೆ ಸಮನಾಗಬೇಕಾದರೆ ಒಂದು ಚದರ ಮೀಟರಿಗೆ ಕಡಿಮೆ ಅಂದರೂ ಹತ್ತು ಗಿಡ ಬೇಕು ಅಂತ 2019ರ ವಿಶ್ಲೇಷಣೆ ಹೇಳಿದೆ. ಸ್ನೇಕ್ ಪ್ಲಾಂಟ್ ಚೆಂದಕ್ಕೆ ಇಡಿ.

ಬೀರುವಿನಲ್ಲಿ ನುಸಿ ಗುಳಿಗೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ತೆಗೆಯಿರಿ. ನ್ಯಾಫ್ತಲೀನ್ ಆವಿ, ಜಿ6ಪಿಡಿ ಅನ್ನುವ ಕಿಣ್ವದ ಹುಟ್ಟು ಕೊರತೆ ಇರುವ ಕೂಸುಗಳಲ್ಲಿ ರಕ್ತಕಣಗಳನ್ನೇ ಒಡೆಯಬಲ್ಲದು. ಮನೆಯ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಬಹಳಷ್ಟು ಜನಕ್ಕೆ ಗೊತ್ತೇ ಇರುವುದಿಲ್ಲ. ಬಾತ್‌ರೂಮಿನಿಂದ ಮೋರಿ ವಾಸನೆ ಬರುತ್ತಿದ್ದರೆ ಬಳಸದ ನೆಲದ ಜಾಲಿಗೆ ಒಂದು ಚೊಂಬು ನೀರು ಸುರಿಯಿರಿ. ನೀರು ನಿಂತು ವಾಸನೆ ತಡೆಯುವ ಟ್ರ್ಯಾಪ್ ಒಣಗಿರುತ್ತದೆ, ಅಷ್ಟೇ.

ಕಿಟಕಿ ತೆರೆದರೇ ಜಾಸ್ತಿ ಆದರೆ

ಆಗ ತಪ್ಪು ಹೊರಗಿನದು. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. ಅವರಲ್ಲಿ ಅಸ್ತಮಾ ಇದ್ದವರು 1979ರಲ್ಲಿ ಶೇಕಡ 9, 1999ರಲ್ಲಿ ಶೇಕಡ 29.5. ಹವಾ ಅದೇ ಊರಿನದು, ಬದಲಾದದ್ದು ಅದರಲ್ಲಿ ಬೆರೆತದ್ದು.

ಗಾಳಿಯ ಗುಣಮಟ್ಟ ತೋರಿಸುವ ಸರ್ಕಾರದ ಸಮೀರ್ ಆ್ಯಪ್‌ನಲ್ಲಿ ಹತ್ತಿರದ ಅಳತೆ ಕೇಂದ್ರ ನೋಡಿ. ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ ಎಲ್ಲ ಅದರಲ್ಲಿವೆ. ಪಿಎಂ 2.5ಕ್ಕೆ ನಮ್ಮ ದೇಶದ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. "ಮಿತಿಯೊಳಗಿದೆ" ಅಂದಾಗ ಯಾರ ಮಿತಿ ಅಂತ ಕೇಳಿ. ಚಳಿಗಾಲದ ಬೆಳಗಿನ ಜಾವ ಮತ್ತು ರಾತ್ರಿ ಹೊಗೆ ನೆಲದ ಹತ್ತಿರವೇ ಕೂತಿರುತ್ತದೆ. ಮಧ್ಯಾಹ್ನ ಬಿಸಿಲಿಗೆ ಮೇಲೇರಿ ಚದುರುತ್ತದೆ. ಹಾಗಾಗಿ "ಬೆಳಗ್ಗೆ ಎದ್ದು ತಾಜಾ ಗಾಳಿಗೆ ಕಿಟಕಿ ತೆರೆಯಿರಿ" ಅನ್ನುವುದು ದೊಡ್ಡ ರಸ್ತೆಯ ಪಕ್ಕದವರಿಗೆ ಸಲ್ಲದು. ಮಧ್ಯಾಹ್ನ ತೆರೆಯಿರಿ, ಅದೂ ರಸ್ತೆಗೆ ಬೆನ್ನಾದ ಕಡೆ. ಖಾಲಿ ಸೈಟಿನಲ್ಲಿ ಕಸ ಸುಡುವ ಹೊತ್ತು, ದೀಪಾವಳಿಯ ಮೂರು ರಾತ್ರಿ ಮುಚ್ಚಿಡಿ. ಆ ಸೈಟಿನ ತುಂಬ ಕಾಂಗ್ರೆಸ್ ಗಿಡ ಹೂ ಬಿಟ್ಟಿದ್ದರೆ ಮೂಗಿಗೆ ಅದೂ ಒಂದು ಕಾರಣ.

ಕಿಟಕಿ ಕೆಳಗಿನ ಸಜ್ಜೆ, ಏಸಿ ಯೂನಿಟ್‌ನ ಹಿಂದೆ ಬಗ್ಗಿ ನೋಡಿ. ಪಾರಿವಾಳ ಗೂಡು ಕಟ್ಟಿದ್ದರೆ ಒಣಗಿದ ಹಿಕ್ಕೆ, ಗರಿಯ ಪುಡಿ ನೇರ ಕೋಣೆಗೆ ಬರುತ್ತದೆ. ಇದು ಸೀನಿಗೆ ನಿಲ್ಲುವುದಿಲ್ಲ, ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶವೇ ಊದಿಕೊಳ್ಳುವ ಅಲರ್ಜಿ ಬರಬಹುದು. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿ ತೆಗೆಯಿರಿ, ನೆಟ್ ಹಾಕಿಸಿ. ಕಾಳು ಹಾಕುವ ನೆರೆಯವರ ಜೊತೆ ಮಾತಾಡುವುದು ನಿಮಗೆ ಬಿಟ್ಟದ್ದು.

ಮೀಟರ್, ಮತ್ತು ಕೊನೆಗೆ ಪ್ಯೂರಿಫೈಯರ್

ಅಗ್ಗದ ಮೀಟರ್‌ಗಳಲ್ಲಿ ಒಂದು ಮೋಸ ಇದೆ. ಕಾರ್ಬನ್ ಡೈಆಕ್ಸೈಡ್ ಅಂತ ತೋರಿಸುವ ಅಂಕಿ ನಿಜವಾಗಿ ಅಳೆದದ್ದಲ್ಲ, ಬೇರೆ ಆವಿಗಳಿಂದ ಊಹಿಸಿದ್ದು. ಪಕ್ಕದಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿನೋಡಿ. ಅಂಕಿ ಸರ್ರನೆ ಹಾರಿದರೆ ಅದು ಊಹೆಯ ಮೀಟರ್. ಕಾರ್ಬನ್ ಡೈಆಕ್ಸೈಡನ್ನು ನೇರವಾಗಿ ಅಳೆಯುವ ಎನ್‌ಡಿಐಆರ್ ಸೆನ್ಸರ್ ಇರುವುದನ್ನು ಕೊಳ್ಳಿ. ಪಿಎಂ 2.5 ತೋರಿಸುವ ಲೇಸರ್ ಮೀಟರ್‌ಗಳು ತೇವ ಜಾಸ್ತಿ ಇದ್ದಾಗ ಸ್ವಲ್ಪ ಉಬ್ಬಿಸಿ ಹೇಳುತ್ತವೆ, ಮಳೆಗಾಲದಲ್ಲಿ ಗಾಬರಿ ಬೇಡ.

ಮೇಲಿನದ್ದೆಲ್ಲ ನೋಡಿ, ಹೊರಗಿನ ಧೂಳು ಹೊಗೆಯೇ ಕಾರಣ ಅಂತ ಖಾತ್ರಿಯಾದರೆ ಪ್ಯೂರಿಫೈಯರ್ ಕೊಳ್ಳಿ. ಲೆಕ್ಕ ಸುಲಭ. ಹತ್ತು ಅಡಿ, ಹನ್ನೆರಡು ಅಡಿ, ಎತ್ತರ ಹತ್ತು ಅಡಿ, ಒಟ್ಟು 1200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಸೋಸಬೇಕು ಅಂದರೆ ಸಿಎಡಿಆರ್ (ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಸಂಖ್ಯೆ) 170 ಬೇಕು. ಆದರೆ ಬಾಕ್ಸ್ ಮೇಲಿನ ಸಂಖ್ಯೆ ಫ್ಯಾನ್ ಪೂರ್ತಿ ವೇಗದಲ್ಲಿ ಇದ್ದಾಗಿನದು. ಆ ಸದ್ದಿಗೆ ಮಗು ಮಲಗುವುದಿಲ್ಲ, ನೀವು ಸ್ಲೀಪ್ ಮೋಡ್‌ಗೆ ಹಾಕುತ್ತೀರಿ, ಸೋಸುವ ಗಾಳಿ ಎಷ್ಟೋ ಪಾಲು ಕಡಿಮೆಯಾಗುತ್ತದೆ. ಅದಕ್ಕೇ 300ರ ಆಸುಪಾಸಿನದು ಕೊಂಡು ನಿಧಾನಕ್ಕೆ ಓಡಿಸಿ. ಅಯೊನೈಜರ್ ಬಟನ್ ಇದ್ದರೆ ಆಫ್ ಮಾಡಿಡಿ, ಓಜೋನ್ ಬರುವ ಸಾಧ್ಯತೆ ಇದೆ. ಕೊಳ್ಳುವ ಮುಂಚೆಯೇ ಬದಲಿ ಫಿಲ್ಟರಿನ ಬೆಲೆ ಕೇಳಿ, ಅಸಲು ಖರ್ಚು ಅಲ್ಲಿರುವುದು.

ಏನೇ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ, ಕನಿಷ್ಠ ಒಂದು ವಾರ. ಕಾಯಿಲ್ ಬಿಟ್ಟು, ದಿಂಬು ಬದಲಿಸಿ, ಪ್ಯೂರಿಫೈಯರ್ ತಂದು ಎಲ್ಲ ಒಂದೇ ಭಾನುವಾರ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಒಂದೊಂದಾಗಿ ಎಲ್ಲ ಮುಗಿದ ಮೇಲೂ ರಾತ್ರಿ ಕೆಮ್ಮು, ಸುಂಯ್ ಅನ್ನುವ ಸದ್ದು, ಗೊರಕೆ ಉಳಿದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಅಸ್ತಮಾನೋ, ಮೂಗಿನ ಹಿಂಭಾಗದ ಅಡಿನಾಯ್ಡ್ ಗಂಟಿನ ಊತವೋ ಅವರು ನೋಡಲಿ. ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ರಾತ್ರಿಯ ಕೆಮ್ಮನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕ್ಲಿನಿಕ್ಕಿನಲ್ಲಿ ಹಗಲು ಹೊತ್ತು ಮಗು ಕೆಮ್ಮುವುದೇ ಇಲ್ಲ.